ಸಭೆಯ ಖರ್ಚು ಸಭೆಯೇ ಹೊರಲಿ: ರಾಮಸಮುದ್ರ ಭಾಗದ ಕ್ರೈಸ್ತ ಕುಟುಂಬಗಳಿಗೆ ಮನವಿ



ರಾಮಸಮುದ್ರದಲ್ಲಿ ಹಾಗೂ ಯಾದಗಿರಿ, ಶಹಾಪುರ, ಸುರಪುರ ಭಾಗದ ಹಳ್ಳಿಗಳಲ್ಲಿ ಭಾನುವಾರದ ಆರಾಧನೆಗೆ ಸೇರುವ ಎಲ್ಲ ಕುಟುಂಬಗಳಿಗೂ, ದುಡಿಯಲಿಕ್ಕೆ ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈ ಸೇರಿರುವ ನಮ್ಮ ಮಕ್ಕಳಿಗೂ ಈ ಮನವಿ. ಕೇಳುವುದು ಒಂದೇ: ನೀವು ಪ್ರಾರ್ಥನೆ ಮಾಡುವ ಸಭೆಯ ಖರ್ಚನ್ನು ನೀವೇ ಹೊರಿ. ಕೈಲಾದಷ್ಟು ಕೊಡಿ, ತಪ್ಪದೆ ಕೊಡಿ, ಸಂತೋಷದಿಂದ ಕೊಡಿ.

ಹಳ್ಳಿಯ ಸಭೆಗೆ ಬರುವ ಖರ್ಚು ಯಾವುದೆಂದು ಎಲ್ಲರಿಗೂ ಗೊತ್ತು. ಕರೆಂಟ್ ಬಿಲ್ಲು, ಮಳೆಗಾಲದಲ್ಲಿ ಸೋರುವ ಮಾಳಿಗೆ, ಸಂಡೇ ಸ್ಕೂಲ್ ಮಕ್ಕಳ ಪುಸ್ತಕ, ಪಾಸ್ಟರ್ ಊರಿಂದೂರಿಗೆ ತಿರುಗುವ ಬೈಕಿನ ಪೆಟ್ರೋಲು. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಮೊದಲು ಫೋನ್ ಹೋಗುವುದು ಪಾಸ್ಟರಿಗೆ. ಸಾವಾದರೆ ನಡುರಾತ್ರಿಯಲ್ಲೂ ಅವರು ಬರಬೇಕು, ಮದುವೆ ಗೊತ್ತಾದರೆ ಅವರೇ ಮುಂದೆ ನಿಲ್ಲಬೇಕು. ಅವರ ಮನೆಯ ಒಲೆ ಹೇಗೆ ಉರಿಯುತ್ತಿದೆ, ಅವರ ಮಕ್ಕಳ ಶಾಲೆಯ ಫೀಸು ಯಾರು ಕಟ್ಟುತ್ತಾರೆ ಎಂದು ವಿಚಾರಿಸುವವರು ಎಷ್ಟು ಮಂದಿ?

ನಮ್ಮ ಭಾಗದಲ್ಲಿ ಮಿಷನ್ ಕಟ್ಟಿದ ಶಾಲೆ, ಆಸ್ಪತ್ರೆ, ಪ್ರಾರ್ಥನಾ ಮಂದಿರಗಳಲ್ಲಿ ಬೇರೆಯವರ ಕಾಣಿಕೆ ಸೇರಿದೆ. ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆಯನ್ನೇ ನೋಡಿ. ಅದಕ್ಕಿರುವುದು ಅಮೆರಿಕದ ಟೆನೆಸಿ ಕಡೆಯ ಮೆಥಡಿಸ್ಟ್ ಸಭೆಗಳ ಹೆಸರು. ನಮ್ಮ ಮುಖ ನೋಡದವರು, ನಮ್ಮ ಊರಿನ ಹೆಸರು ಸರಿಯಾಗಿ ಉಚ್ಚರಿಸಲಾರದವರು ನಮಗಾಗಿ ಕೊಟ್ಟರು. ಆ ಋಣವನ್ನು ಮರೆಯಬಾರದು. ಆದರೆ 1981ರಲ್ಲಿ ಭಾರತದ ಮೆಥಡಿಸ್ಟ್ ಸಭೆ ಸ್ವತಂತ್ರವಾಯಿತು. ಸ್ವತಂತ್ರ ಸಭೆ ಇನ್ನೊಬ್ಬರ ಕೈ ನೋಡುತ್ತ ಕೂರುವುದು ಸರಿಯಲ್ಲ. 1870ರ ದಶಕದಲ್ಲೇ ಬೆಂಗಳೂರಿಗೆ ಬಂದ ಬೋಧಕ ವಿಲಿಯಂ ಟೇಲರ್ ಅವರ ನಿಲುವೂ ಇದೇ ಆಗಿತ್ತು: ವಿದೇಶದ ಮಿಷನ್ ಹಣಕ್ಕೆ ಕಾಯದೆ ಆಯಾ ಊರಿನ ಸಭೆ ತನ್ನ ಕಾಲ ಮೇಲೆ ನಿಲ್ಲಬೇಕು.

"ನಾವು ಬಡವರು, ನಮ್ಮಿಂದೇನಾದೀತು" ಎನ್ನುವ ಮಾತು ಪದೇ ಪದೇ ಕೇಳುತ್ತೇವೆ. ಇದೇ ಮಾತು 1742ರ ಫೆಬ್ರವರಿ 15ರಂದು ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದ ಮೆಥಡಿಸ್ಟರ ಕೂಟದಲ್ಲೂ ಬಂದಿತ್ತು. ಪ್ರಾರ್ಥನಾ ಮಂದಿರ ಕಟ್ಟಿದ ಸಾಲ ತೀರಿರಲಿಲ್ಲ. ಸಾಲ ತೀರುವ ತನಕ ಒಬ್ಬೊಬ್ಬರೂ ವಾರಕ್ಕೊಂದು ಪೆನ್ನಿ ಕೊಡೋಣ ಎಂದು ಕ್ಯಾಪ್ಟನ್ ಫಾಯ್ ಎಂಬುವರು ಸೂಚಿಸಿದರು. ಬಹಳ ಮಂದಿಗೆ ಅಷ್ಟೂ ಆಗುವುದಿಲ್ಲ ಎಂದು ಇನ್ನೊಬ್ಬರು ಹೇಳಿದರು. ಹಾಗಾದರೆ ಎಲ್ಲರಿಗಿಂತ ಬಡವರಾದ ಹನ್ನೊಂದು ಮಂದಿಯನ್ನು ನನಗೆ ಒಪ್ಪಿಸಿ, ಅವರು ಕೊಟ್ಟರೆ ಸರಿ, ಕೊಡದಿದ್ದರೆ ಅವರ ಪಾಲನ್ನೂ ನಾನೇ ಹಾಕುತ್ತೇನೆ ಎಂದು ಫಾಯ್ ಒಪ್ಪಿಕೊಂಡರು. ಹೀಗೆ ಪೆನ್ನಿ ಕೂಡಿಸಲು ಮನೆಮನೆಗೆ ಹೋದವರಿಗೆ ಯಾರ ಮನೆಯಲ್ಲಿ ಜಗಳ, ಯಾರು ದಾರಿ ತಪ್ಪುತ್ತಿದ್ದಾರೆ ಎಂಬುದೂ ತಿಳಿಯಿತು. ಮೆಥಡಿಸ್ಟರ ವಾರದ ಸಣ್ಣ ಕೂಟಗಳು ಹುಟ್ಟಿದ್ದು ಅಲ್ಲಿಂದಲೇ.

ನಮ್ಮ ಸಭೆಗಳಲ್ಲೂ ಇದು ಆಗಲಿ. ಹತ್ತು ಹನ್ನೆರಡು ಮನೆಗೆ ಒಬ್ಬ ಅಣ್ಣನೋ ಅಕ್ಕನೋ ಜವಾಬ್ದಾರಿ ಹೊರಲಿ. ವಾರಕ್ಕೊಮ್ಮೆ ಮನೆಗೆ ಹೋಗಿ ಕ್ಷೇಮ ಕೇಳಿ, ಪ್ರಾರ್ಥನೆ ಮಾಡಿ, ಕೊಟ್ಟದ್ದನ್ನು ಅವರೆದುರೇ ಪುಸ್ತಕದಲ್ಲಿ ಬರೆದುಕೊಳ್ಳಲಿ. ಕೊಡಲಾಗದ ಮನೆಯವರ ಮುಖ ಸಣ್ಣದಾಗುವಂತೆ ಯಾರೂ ಮಾತಾಡಬಾರದು.

ಕೂಲಿಯವರಾದರೆ ವಾರದ ಬಟವಾಡೆ ಕೈಗೆ ಬಂದ ದಿನವೇ ದೇವರ ಪಾಲನ್ನು ಬೇರೆ ತೆಗೆದಿಡಿ. ವಾರದ ಮೊದಲ ದಿನ ತಮ್ಮ ಸಂಪಾದನೆಗೆ ತಕ್ಕಂತೆ ಎತ್ತಿಡಬೇಕೆಂದು ಪೌಲನು ಕೊರಿಂಥದವರಿಗೆ ಹೇಳಿದ್ದೂ ಇದನ್ನೇ. ಹೊಲ ಇದ್ದವರು ತೊಗರಿ, ಹತ್ತಿ, ಭತ್ತದ ರಾಶಿಯಾದಾಗ ಮಾರುವ ಮುಂಚೆಯೇ ಸುಗ್ಗಿ ಕಾಣಿಕೆ ಬೇರೆ ಮಾಡಿ. ಕಣದಲ್ಲಿ ಉಳಿದದ್ದನ್ನು ಗುಡಿಸಿ ತರಬೇಡಿ. ತಾಯಂದಿರು ಜೋಳ ಹಸನು ಮಾಡಿ ಗಿರಣಿಗೆ ಕಳಿಸುವಾಗ ಮೊರದಿಂದ ಒಂದು ಹಿಡಿ ಡಬ್ಬಿಗೆ ಹಾಕಿ. ಮಿಜೋರಾಂನ ಹೆಣ್ಣುಮಕ್ಕಳು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಅಡಿಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದಿಟ್ಟು ತಮ್ಮ ಸಭೆಯನ್ನು ಬೆಳೆಸಿದ್ದಾರೆ.

ತಿಂಗಳ ಪಗಾರದವರಿಗೆ ಮೆಥಡಿಸ್ಟ್ ಚಳವಳಿ ಆರಂಭಿಸಿದ ಜಾನ್ ವೆಸ್ಲಿಯ ಬದುಕೇ ಮಾದರಿ. ವರ್ಷಕ್ಕೆ 30 ಪೌಂಡ್ ಬರುತ್ತಿದ್ದಾಗ ಅವರು 28ರಲ್ಲಿ ಬದುಕಿ 2 ಪೌಂಡ್ ದಾನ ಮಾಡಿದರು. ಆದಾಯ 60, 90, 120 ಆದಾಗಲೂ ತಮ್ಮ ಖರ್ಚನ್ನು 28ರಲ್ಲೇ ನಿಲ್ಲಿಸಿ ಮಿಕ್ಕದ್ದೆಲ್ಲ ಕೊಟ್ಟರು. ಗುಳೆ ಹೋದ ತಮ್ಮಂದಿರೇ, ತಂಗಿಯರೇ, ನೀವು ಫೋನ್‌ಪೇಯಲ್ಲಿ ಕಳಿಸುವ ಚಿಕ್ಕ ಮೊತ್ತವೂ ಊರಿನ ಸಭೆಗೆ ಆಸರೆ. ಅಪ್ಪ ಅವ್ವ ಈಗಲೂ ಅಲ್ಲೇ ಕೂತು ನಿಮಗಾಗಿ ಬೇಡುತ್ತಿದ್ದಾರೆ.

ಒಂದು ಎಚ್ಚರಿಕೆಯನ್ನೂ ಒತ್ತಿ ಹೇಳಬೇಕು. ಫೈನಾನ್ಸಿನ ವಾರದ ಕಂತು ಕಟ್ಟಲು ಒದ್ದಾಡುವವರು ಸಾಲ ತಂದು ಕಾಣಿಕೆ ಹಾಕಬಾರದು. ಮಕ್ಕಳ ಊಟ ಕಡಿಮೆ ಮಾಡಿ ಕೊಡಬೇಕಿಲ್ಲ. ಇಷ್ಟು ಹಾಕಿದರೆ ಅದರ ಹತ್ತು ಪಟ್ಟು ಬರುತ್ತದೆಂದು ಯಾರು ಹೇಳಿದರೂ ನಂಬಬೇಡಿ. ದೇವರ ಜೊತೆ ವ್ಯಾಪಾರ ನಡೆಯದು. ಎರಡು ಕಾಸು ಹಾಕಿದ ವಿಧವೆಯನ್ನು ಯೇಸು ಹೊಗಳಿದ ಆ ಅಧ್ಯಾಯದಲ್ಲೇ, ವಿಧವೆಯರ ಮನೆ ನುಂಗುವವರನ್ನು ಖಂಡಿಸಿದ ಮಾತೂ ಇದೆ.

ಆದ್ದರಿಂದ ಸಭಾ ಕಮಿಟಿಯ ಹಿರಿಯರಲ್ಲಿ ಅಷ್ಟೇ ಕಳಕಳಿಯ ಬೇಡಿಕೆ: ಲೆಕ್ಕ ತೋರಿಸಿ. ಪೌಲನಂಥ ಪೌಲನೇ ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣವನ್ನು ಒಬ್ಬನೇ ಒಯ್ಯಲಿಲ್ಲ. ಯಾರೂ ಬೆರಳು ತೋರಿಸಬಾರದೆಂದು ಸಭೆಗಳು ಆರಿಸಿದವರನ್ನು ಜೊತೆಗೆ ಕರೆದುಕೊಂಡ. ಕಾಣಿಕೆಯನ್ನು ಇಬ್ಬರು ಮೂವರು ಸೇರಿ ಎಣಿಸಿ, ಸಭೆಯ ಹೆಸರಿನ ಬ್ಯಾಂಕ್ ಖಾತೆಗೆ ತುಂಬಿ. ತಿಂಗಳ ಜಮಾ ಖರ್ಚನ್ನು ಬರೆದು ಗೋಡೆಗೆ ಹಚ್ಚಿ, ಓದಲು ಬಾರದವರಿಗಾಗಿ ಆರಾಧನೆ ಮುಗಿದ ಮೇಲೆ ಗಟ್ಟಿಯಾಗಿ ಓದಿ ಹೇಳಿ. ಬಂದದ್ದರಲ್ಲಿ ಒಂದು ಪಾಲು ರೋಗಿಗಳಿಗೆ, ವಿಧವೆಯರಿಗೆ, ಓದುವ ಮಕ್ಕಳಿಗೆ ಮೀಸಲಿಡಿ. ಕಷ್ಟದಲ್ಲಿರುವ ನೆರೆಯವರು ಯಾವ ಜಾತಿ, ಯಾವ ಧರ್ಮದವರೆಂದು ನೋಡಬೇಡಿ. ಕಾಯಕ, ದಾಸೋಹಗಳ ಈ ನಾಡಿನಲ್ಲಿ ಹಸಿದವರಿಗೆ ಉಣಬಡಿಸುವುದನ್ನು ನಮಗೆ ಹೊಸದಾಗಿ ಕಲಿಸಬೇಕಾಗಿಲ್ಲ.

ಬರುವ ಭಾನುವಾರದೊಳಗೆ ಮನೆಯವರೆಲ್ಲ ಕೂತು ಮಾತಾಡಿ. ತಿಂಗಳಿಗೆ ಎಷ್ಟು ಸಾಧ್ಯ, ಸುಗ್ಗಿಗೆ ಎಷ್ಟು ಸಾಧ್ಯ ಎಂದು ಪ್ರಾರ್ಥನೆ ಮಾಡಿ ಗೊತ್ತು ಮಾಡಿಕೊಳ್ಳಿ. ಹತ್ತು ರೂಪಾಯಿಯಾದರೆ ಹತ್ತು, ಸಾವಿರವಾದರೆ ಸಾವಿರ. ಹಣವಿಲ್ಲದವರು ಮಾಳಿಗೆ ರಿಪೇರಿಗೆ ಒಂದು ದಿನದ ಕೆಲಸ ಕೊಡಿ. ಒಪ್ಪಿಕೊಂಡದ್ದನ್ನು ವರ್ಷವಿಡೀ ನಡೆಸಿ, ವರ್ಷದ ಕೊನೆಗೆ ಲೆಕ್ಕ ಕೇಳಿ. ನಮ್ಮ ಹಿರಿಯರು ಬೇರೆಯವರ ಕಾಣಿಕೆಯಿಂದ ಸುವಾರ್ತೆ ಕೇಳಿದರು. ನಮ್ಮ ಮಕ್ಕಳು ಅದನ್ನು ನಮ್ಮ ಕಾಣಿಕೆಯಿಂದ ಕೇಳಲಿ.