ಮೊದಲು ಅಳೆಯಿರಿ, ಆಮೇಲೆ ದೂರಿರಿ

ಗೇಮಿಂಗ್ ಲ್ಯಾಪ್‌ಟಾಪ್ ಅಂದರೆ ಆಟದ ಸಾಮಾನು ಎಂದೇ ನಮ್ಮ ಕಡೆ ಹಿರಿಯರು ತಿಳಿದಿದ್ದಾರೆ. ದೇವಣಗಾಂವ, ಆಲಮೇಲ, ಸಿಂದಗಿಯ ಹುಡುಗ ಹುಡುಗಿಯರು ಅದನ್ನು ಕೊಳ್ಳುವುದು ಆಟಕ್ಕಷ್ಟೇ ಅಲ್ಲ. ಕಟ್ಟಡದ ನಕ್ಷೆ ತೆಗೆಯಲು, ಮದುವೆ ವಿಡಿಯೊ ಎಡಿಟ್ ಮಾಡಲು, ಇಂಜಿನಿಯರಿಂಗ್ ಪ್ರಾಜೆಕ್ಟ್ ಮುಗಿಸಲು ಗಟ್ಟಿ ಗ್ರಾಫಿಕ್ಸ್ ಚಿಪ್ ಬೇಕು. ಕೈಗೆಟಕುವ ಬೆಲೆಯಲ್ಲಿ ಅದು ಸಿಗುವುದು ಇದೇ ಲ್ಯಾಪ್‌ಟಾಪ್‌ಗಳಲ್ಲಿ. ಕಬ್ಬಿನ ಬಿಲ್ಲು ಬಂದಾಗ ಅರ್ಧ, ತೊಗರಿ ಮಾರಿದಾಗ ಇನ್ನಷ್ಟು, ಮಿಕ್ಕಿದ್ದು ಕಂತಿನ ಮೇಲೆ ಎಂದು ಲೆಕ್ಕ ಹಾಕಿ ಮನೆಯವರು ಕೊಡಿಸಿರುತ್ತಾರೆ.

ಅಂಥ ಲ್ಯಾಪ್‌ಟಾಪ್ ಒಂದು ದಿನ ಕಾರಣ ಹೇಳದೆ ನಿಧಾನವಾಗುತ್ತದೆ. ಆನ್ ಆಗುತ್ತದೆ, ಪರದೆ ಬರುತ್ತದೆ, ಒಡೆದದ್ದು ಏನೂ ಕಾಣುವುದಿಲ್ಲ, ಆದರೆ ಕೆಲಸ ಮುಂದೆ ಸಾಗುವುದಿಲ್ಲ. ಕಣ್ಣಿಗೆ ಕಾಣುವ ಕಾರಣ ಸಿಗದಿದ್ದಾಗ ತಪ್ಪು ಹುಡುಗನ ತಲೆಗೆ ಬರುತ್ತದೆ. ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ನಡೆಸುವ ನನ್ನ ಮುಂದೆಯೇ ಎಷ್ಟೋ ತಂದೆಯರು ಮಕ್ಕಳಿಗೆ ‘ಗೇಮ್ ಆಡಿ ಆಡಿ ಕೆಡಿಸಿದಿ’ ಎಂದು ಬೈದಿದ್ದಾರೆ. ಅಳತೆ ಇಲ್ಲದ ಕಡೆ ಆರೋಪ ಬೆಳೆಯುತ್ತದೆ. ಈ ಬರಹ ಅದರ ವಿರುದ್ಧ.

ಭೀಮಾ ನದಿಯ ದಂಡೆಯ ನಮಗೆ ಇದನ್ನು ತಿಳಿಸಿ ಹೇಳಬೇಕಾಗಿಲ್ಲ. ಉಜನಿ ಮತ್ತು ವೀರ ಜಲಾಶಯದಿಂದ ನೀರು ಬಿಟ್ಟರಂತೆ ಎಂಬ ಸುದ್ದಿ ಬಂದ ಕೂಡಲೇ ಊರ ತುಂಬ ನೂರು ಮಾತು ಹುಟ್ಟುತ್ತವೆ. 2020ರ ಅಕ್ಟೋಬರ್ ಪ್ರವಾಹ ಕಂಡವರು ಆ ಮಾತುಗಳನ್ನು ನೆಚ್ಚಿ ಕೂರುವುದಿಲ್ಲ, ದೇವಣಗಾಂವ ಸೇತುವೆಯ ಬಳಿ ನೀರಿನ ಮಟ್ಟ ಎಷ್ಟಿದೆ ಎಂದು ಕೇಳುತ್ತಾರೆ. ಕೇಂದ್ರ ಜಲ ಆಯೋಗ ಇಲ್ಲಿ ಮಾಪನ ಕೇಂದ್ರ ಇಟ್ಟಿರುವುದೂ ಅದಕ್ಕೇ. ನದಿಯ ವಿಷಯದಲ್ಲಿ ಇರುವ ಈ ಬುದ್ಧಿಯನ್ನು ನಾವು ಯಂತ್ರದ ವಿಷಯದಲ್ಲಿಯೂ ತೋರಿಸಬೇಕು.

ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುವ ನಮ್ಮೂರ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದು ಅಂಗಡಿಗೆ ಬಂದಿದ್ದ.

“ಕಾಕಾ, ಮೊದಲ ಹಿಂಗ ಇದ್ದಿಲ್ರಿ. ಒಮ್ಮಿಗೇ ಹಿಂಗಾಗೇತಿ. ಗೇಮ್ ಬಿಡ್ರಿ, ಬ್ರೌಸರ್ ಸೈತ ತಡದು ತಡದು ನಡೀತೈತಿ.”

“ಪ್ಯಾಟ್ಯಾಗ ತೋರಿಸಿದೇನು?”

“ಎರಡ ಸಲ ಫಾರ್ಮ್ಯಾಟ್ ಹೊಡದ್ರು. ಈಗ ಬೋರ್ಡ್ ಹೋಗೇತಿ ಅಂತಾರ್ರಿ. ಅಪ್ಪ ನನ್ನ ಜೋಡಿ ಮಾತಾಡೂದ ಬಿಟ್ಟಾನ್ರಿ.”

ವಿಂಡೋಸ್‌ನಲ್ಲೇ ಇರುವ ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರ್‌ನ ವೇಗ ನೋಡಿದೆ. 3 ಗಿಗಾಹರ್ಟ್ಸ್ ಮೇಲೆ ಓಡಬೇಕಾದ ಚಿಪ್ 0.79ರಲ್ಲಿ ನಿಂತಿತ್ತು. ಎಷ್ಟು ಕೆಲಸ ಕೊಟ್ಟರೂ ಅಂಕಿ ಅಲುಗಲಿಲ್ಲ. ಕಾವು ಹೆಚ್ಚಾದರೆ ಹೀಗೆ ಆಗುವುದುಂಟು. ಆದರೆ ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶ ಚಿಪ್ಪಿನ ಕಾವು 60 ಡಿಗ್ರಿಯ ಆಸುಪಾಸು ಎಂದು ತೋರಿಸುತ್ತಿತ್ತು. ಅಲ್ಲಿಗೆ ಕಾವಿನ ಮಾತು ಮುಗಿಯಿತು. ಚಾರ್ಜರ್ ಕಿತ್ತು ನೋಡಿದೆ. ವೇಗ ತಟ್ಟನೆ 3 ದಾಟಿತು. ಮತ್ತೆ ಚುಚ್ಚಿದರೆ ಮತ್ತೆ 0.79.

ಕರೆಂಟಿಗಿಂತ ಬ್ಯಾಟರಿಯ ಮೇಲೆ ಜೋರಾಗಿ ಓಡುವ ಯಂತ್ರ ತನ್ನ ರೋಗ ತಾನೇ ಹೇಳಿದಂತೆ. ಕೆಲವು ಲ್ಯಾಪ್‌ಟಾಪ್‌ಗಳ ಚಾರ್ಜರ್ ತುದಿಯ ಒಳಗೆ, ನಟ್ಟನಡುವೆ, ಸಣ್ಣ ಪಿನ್ ಇರುತ್ತದೆ. ಅದು ಕರೆಂಟು ಒಯ್ಯುವುದಿಲ್ಲ, ನಾನು ಇಷ್ಟು ವ್ಯಾಟಿನ ಚಾರ್ಜರ್ ಎಂದು ಯಂತ್ರಕ್ಕೆ ತಿಳಿಸುತ್ತದೆ. ಆ ಸುದ್ದಿ ಮುಟ್ಟದಿದ್ದರೆ ಎಷ್ಟು ಎಳೆದುಕೊಳ್ಳಬಹುದು ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ, ತನ್ನ ಕಾಪಾಡಿಕೆಗೆ ಪ್ರೊಸೆಸರನ್ನೇ ಹಿಡಿದುಬಿಡುತ್ತದೆ. ಹುಡುಗನ ಚಾರ್ಜರ್‌ನಲ್ಲಿ ಆ ಪಿನ್ ಬಾಗಿತ್ತು. ಅದೇ ಕಂಪನಿಯ, ಅಷ್ಟೇ ವ್ಯಾಟಿನ ಚಾರ್ಜರನ್ನು ಗೆಳೆಯನಿಂದ ತರಿಸಿ ಹಾಕಿದಾಗ ಎಲ್ಲ ಸರಿಹೋಯಿತು. ಇದನ್ನು ನೂರು ಸಲ ಫಾರ್ಮ್ಯಾಟ್ ಹೊಡೆದರೂ ಪರಿಹರಿಸಲಾಗದು, ಯಾಕೆಂದರೆ ದೋಷ ಇದ್ದದ್ದು ವಿಂಡೋಸ್‌ನಲ್ಲಲ್ಲ, ವಾಯರಿನಲ್ಲಿ. ತಂದೆಯನ್ನು ಕರೆದು ಎರಡೂ ಅಂಕಿ ತೋರಿಸಿದೆ. ಅವರಿಗೆ ಇಂಗ್ಲಿಷ್ ಬಾರದು, ಅಂಕಿ ಓದಲು ಬರುತ್ತದೆ. ಮಗನ ತಪ್ಪಿಲ್ಲ ಎಂದು ನಾನು ವಾದಿಸಬೇಕಾಗಲಿಲ್ಲ.

ನಿಧಾನವಾದ ಯಂತ್ರದ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಒಮ್ಮೆಲೇ ಆಯಿತೋ, ಬರಬರುತ್ತ ಆಯಿತೋ?

ಬರಬರುತ್ತ ಆದದ್ದಾದರೆ ಕಾವು, ಧೂಳುಗಳತ್ತ ನೋಡಬೇಕು. ಇಂದಿನ ಬಹುತೇಕ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಸುಮಾರಿಗೆ ಬಂದಾಗ ಸುಟ್ಟುಹೋಗದಿರಲು ತಮ್ಮ ವೇಗ ತಾವೇ ಇಳಿಸಿಕೊಳ್ಳುತ್ತವೆ. ಫ್ಯಾನು ಚಿಪ್ಪನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. 25 ಡಿಗ್ರಿಯ ಎಸಿ ಕೋಣೆಯಲ್ಲಿ 85 ಡಿಗ್ರಿಗೆ ನಿಲ್ಲುವ ಚಿಪ್, ಅದೇ ಕೆಲಸವನ್ನು 42 ಡಿಗ್ರಿಯ ಪತ್ರಾಸಿನ ಮನೆಯಲ್ಲಿ ಮಾಡಿದರೆ ಹೆಚ್ಚುಕಡಿಮೆ 102ಕ್ಕೆ ಏರಬೇಕಾಗುತ್ತದೆ. ಏರಲು ಬಿಡದೆ ಅದು ವೇಗ ಕಡಿಮೆ ಮಾಡುತ್ತದೆ. ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ ಇದು ದಿನನಿತ್ಯದ ಸಂಗತಿ. ಮಣ್ಣಿನ ಮಾಳಿಗೆ ಮನೆಯಲ್ಲಿ ಕುಳಿತು ಕೆಲಸ ಮಾಡುವ ಹುಡುಗಿಯ ಲ್ಯಾಪ್‌ಟಾಪ್, ಪತ್ರಾಸಿನ ಮನೆಯ ಅದೇ ಮಾದರಿಗಿಂತ ಚುರುಕಾಗಿ ಓಡಿದರೆ ಅದರಲ್ಲಿ ಸೋಜಿಗವಿಲ್ಲ.

ಇದರ ಮೇಲೆ ಎರೆಮಣ್ಣಿನ ಧೂಳು ಮತ್ತು ತೊಗರಿ ರಾಶಿಯ ಹೊಟ್ಟು ಸೇರುತ್ತವೆ. ಫ್ಯಾನಿನ ಮುಂದಿನ ತೆಳು ಲೋಹದ ಪಟ್ಟಿಗಳ ನಡುವೆ ಅವು ಗಟ್ಟಿ ಪದರವಾಗಿ ಕೂರುತ್ತವೆ. ಹೊರಗಿನಿಂದ ನೋಡಿದರೆ ಯಂತ್ರ ಚೊಕ್ಕಟವಾಗಿಯೇ ಕಾಣುತ್ತದೆ. ಇನ್ನು ಕೌದಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳುವ ರೂಢಿ. ಗಾಳಿ ಎಳೆದುಕೊಳ್ಳುವ ಕಿಂಡಿ ಇರುವುದು ತಳಭಾಗದಲ್ಲಿ. ಹಲಗೆಯ ಮೇಲಿಟ್ಟು, ಹಿಂಭಾಗ ಎರಡು ಬೆರಳು ಎತ್ತರ ಮಾಡಿ, ಮತ್ತೆ ಕಾವು ನೋಡಿ. ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಅದು.

ಒಮ್ಮೆಲೇ ಆದದ್ದಾದರೆ, ಹಿಂದಿನ ದಿನ ಏನು ಬದಲಾಯಿತು ಎಂದು ಹುಡುಕಬೇಕು. ಚಾರ್ಜರ್ ಬದಲಾಯಿತೇ? 230 ವ್ಯಾಟ್ ಬೇಕಾದ ಯಂತ್ರಕ್ಕೆ 65 ವ್ಯಾಟಿನ ಟೈಪ್-ಸಿ ಚಾರ್ಜರ್ ಚುಚ್ಚಿದರೆ ಅದು ತೆವಳುತ್ತದೆ. ಕೈತಪ್ಪಿ ಕೀಲಿ ಒತ್ತಿ ಸದ್ದಿಲ್ಲದ ಮೋಡ್‌ಗೆ ಹೋಯಿತೇ? ಎರಡು ರ‍್ಯಾಮ್‌ಗಳಲ್ಲಿ ಒಂದು ಸಡಿಲವಾಗಿ ಯಂತ್ರಕ್ಕೆ ಕಾಣದಂತಾಯಿತೇ? ಕೆಲಸವೆಲ್ಲ ದೊಡ್ಡ ಗ್ರಾಫಿಕ್ಸ್ ಚಿಪ್ ಬಿಟ್ಟು ಪ್ರೊಸೆಸರ್‌ನೊಳಗಿನ ಸಣ್ಣದರ ಮೇಲೆ ಬಿತ್ತೇ? ರಾತ್ರಿ ಅಪ್‌ಡೇಟ್ ಬಂತೇ? 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದಾಗ ಎಎಂಡಿ ಪ್ರೊಸೆಸರ್‌ಗಳ ಮೇಲೆ ಕೆಲವು ಆಟಗಳು ಶೇ 10ರಿಂದ 15ರಷ್ಟು ನಿಧಾನವಾಗಬಹುದು ಎಂದು ಎಎಂಡಿಯೇ ಒಪ್ಪಿಕೊಂಡಿತು. ಅದೇ ತಿಂಗಳು ತಿದ್ದುಪಡಿ ಬಂತು. ಅಷ್ಟರೊಳಗೆ ಎಷ್ಟು ಜನ ತಮ್ಮ ಯಂತ್ರವೇ ಕೆಟ್ಟಿತೆಂದು ರಿಪೇರಿಗೆ ದುಡ್ಡು ಸುರಿದರೋ!

ನಮ್ಮೂರಲ್ಲಿ ಎಲ್ಲ ದೋಷಕ್ಕೂ ಸಿಗುವ ಸುಲಭದ ಹೆಸರು ವೋಲ್ಟೇಜ್. ಪಂಪ್‌ಸೆಟ್‌ಗಳು ಶುರುವಾದಾಗ ದೀಪ ಮಂಕಾಗುವುದನ್ನು ದಿನಾ ನೋಡುವವರು ಹಾಗೆ ಅಂದುಕೊಳ್ಳುವುದು ಸಹಜ. ಆದರೆ ಚಾರ್ಜರ್ ಮೇಲಿನ ಚೀಟಿ ಓದಿ: ಬಹುತೇಕ ಎಲ್ಲದರ ಮೇಲೂ 100ರಿಂದ 240 ವೋಲ್ಟ್ ಎಂದಿರುತ್ತದೆ. ಮಲ್ಟಿಮೀಟರಿನಲ್ಲಿ 170 ಬಂದರೂ ಲ್ಯಾಪ್‌ಟಾಪ್ ನಿಧಾನವಾಗಲು ಅದು ಕಾರಣವಲ್ಲ. ನಿಜವಾಗಿ ಕಾಡುವುದು ಕರೆಂಟು ಹೋಗುವುದು. ಬ್ಯಾಟರಿಗೆ ಹೊರಳಿದ ಕ್ಷಣ ಗ್ರಾಫಿಕ್ಸ್ ಚಿಪ್ಪಿಗೆ ಸಿಗುವ ವಿದ್ಯುತ್ ಬಹಳ ಇಳಿಯುತ್ತದೆ, ಚಾರ್ಜರ್ ಕೊಡುವಷ್ಟನ್ನು ಬ್ಯಾಟರಿ ಕೊಡಲಾರದು. ಬಸವನ ಬಾಗೇವಾಡಿ ಕಡೆಯ ಕೂಡಗಿಯಲ್ಲಿ 2400 ಮೆಗಾವ್ಯಾಟಿನ ಸ್ಥಾವರ ಇರುವ ಜಿಲ್ಲೆ ಇದು. ಓದುವ ಮಕ್ಕಳಿಗೆ ಸಂಜೆಯ ಹೊತ್ತು ಕಡಿತವಿಲ್ಲದ ಕರೆಂಟು ಕೇಳುವುದು ಅತಿಯಾಸೆಯಲ್ಲ.

ಅಳೆದವರ ಮಾತಿಗೆ ದೊಡ್ಡ ಕಂಪನಿಗಳೂ ಉತ್ತರ ಕೊಡಬೇಕಾಗುತ್ತದೆ. 2018ರ ಜುಲೈನಲ್ಲಿ ಡೇವ್ ಲೀ ಎಂಬ ಯೂಟ್ಯೂಬರ್ ಆ್ಯಪಲ್‌ನ ಹೊಸ ಮ್ಯಾಕ್‌ಬುಕ್ ಪ್ರೊದಲ್ಲಿ ಒಂದು ವಿಡಿಯೊ ತಯಾರಿಸಿದಾಗ ಸುಮಾರು 39 ನಿಮಿಷ ಹಿಡಿಯಿತು. ಅದೇ ಯಂತ್ರವನ್ನು ಫ್ರೀಜರ್‌ನಲ್ಲಿಟ್ಟು ಅದೇ ಕೆಲಸ ಮಾಡಿಸಿದ. 27 ನಿಮಿಷಕ್ಕೆ ಮುಗಿಯಿತು. ಬದಲಿಸಿದ್ದು ಒಂದನ್ನೇ, ಹೀಗಾಗಿ ಕಾರಣ ಕಾವು ಎಂಬುದರಲ್ಲಿ ಸಂಶಯ ಉಳಿಯಲಿಲ್ಲ. ಕೆಲವೇ ದಿನಗಳಲ್ಲಿ ಆ್ಯಪಲ್ ದೋಷ ಒಪ್ಪಿ ತಿದ್ದುಪಡಿ ಕೊಟ್ಟಿತು. 2017ರ ಡಿಸೆಂಬರ್‌ನಲ್ಲಿ ಹಳೆಯ ಬ್ಯಾಟರಿಯ ಐಫೋನ್‌ಗಳು ನಿಧಾನವಾಗುತ್ತಿದ್ದ ಗುಟ್ಟು ಹೊರಬಿದ್ದದ್ದೂ ಬಳಕೆದಾರರು ಬ್ಯಾಟರಿ ಬದಲಿಸುವ ಮೊದಲು ಮತ್ತು ಆಮೇಲೆ ವೇಗ ಅಳೆದು ತೋರಿಸಿದ್ದರಿಂದ. ಒಂದು ಸಲಕ್ಕೆ ಒಂದನ್ನೇ ಬದಲಿಸು, ಮೊದಲೂ ಆಮೇಲೂ ಅಳೆ. ಈ ಶಿಸ್ತನ್ನು ನಮ್ಮ ಹೈಸ್ಕೂಲು, ಐಟಿಐಗಳಲ್ಲಿ ಪಾಠವಾಗಿ ಕಲಿಸಬೇಕು. ಮೋಟರು, ಬೈಕು, ಲ್ಯಾಪ್‌ಟಾಪು ಯಾವುದಕ್ಕೂ ಅದು ಒಂದೇ.

ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು, 2024ರಲ್ಲಿ ರಿಪೇರಿ ಸೂಚ್ಯಂಕಕ್ಕೆ ಸಮಿತಿ ಮಾಡಿತು. ಫ್ರಾನ್ಸ್‌ನಲ್ಲಿ 2021ರಿಂದಲೇ ಲ್ಯಾಪ್‌ಟಾಪ್ ಡಬ್ಬದ ಜತೆ ಅದನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂಬ ಅಂಕ ತೋರಿಸುವುದು ಕಡ್ಡಾಯ. ನಮಗೂ ಆ ಅಂಕ ಬೇಕು. ಅದರ ಜತೆಗೆ ಯಂತ್ರ ತನ್ನ ವೇಗ ತಾನೇ ಇಳಿಸಿಕೊಂಡಾಗ ‘ಕಾವು ಹೆಚ್ಚಾಗಿದೆ’, ‘ಚಾರ್ಜರ್ ಗುರುತು ಸಿಗುತ್ತಿಲ್ಲ’ ಎಂದು ಪರದೆಯ ಮೇಲೆ ಕನ್ನಡದಲ್ಲಿ ಹೇಳಬೇಕು. ಯಂತ್ರಕ್ಕೆ ಗೊತ್ತಿರುವ ಕಾರಣವನ್ನು ಕೊಂಡವನಿಗೆ ತಿಳಿಸದೇ ಇರುವುದು ಅನ್ಯಾಯ.

ಕಾನೂನು ಬರುವ ತನಕ ಕಾಯಬೇಕಿಲ್ಲ. ಹೊಸ ಲ್ಯಾಪ್‌ಟಾಪ್ ಕೊಂಡ ದಿನವೇ ಸಿನೆಬೆಂಚ್‌ನಂಥ ಉಚಿತ ಪರೀಕ್ಷೆ ಓಡಿಸಿ, ಅಂಕ, ವೇಗ, ಕಾವು, ಕೋಣೆಯ ಉಷ್ಣತೆ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಿ. ಮುಂದೆ ನಿಧಾನವಾಯಿತು ಅನ್ನಿಸಿದರೆ ಹೋಲಿಸಲು ಅದೇ ಆಧಾರ. ರಿಪೇರಿಗೆ ಕೊಟ್ಟಾಗ ಮೊದಲಿನ ಅಂಕಿ, ಆಮೇಲಿನ ಅಂಕಿ ಎರಡನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ನನ್ನ ಅಂಗಡಿಯಲ್ಲಿ ನಾನು ಬರೆದು ಕೊಡುತ್ತೇನೆ. ಆಲಮೇಲ, ಸಿಂದಗಿ, ಇಂಡಿ, ಮುದ್ದೇಬಿಹಾಳದ ನನ್ನ ಜತೆಗಾರರೂ ಬರೆದು ಕೊಡಲಿ. ಎರಡು ಅಂಕಿ ಬರೆಯಲು ಒಪ್ಪದವರಿಗೆ ದುಡ್ಡು ಕೊಡಬೇಡಿ.