ಹೊಳೆದಂಡೆ ಉಳಿಸೋಣ, ಬರ್ರಿ!

ಹಿಟ್ನಾಳ, ಹುಲಿಗಿ, ಮುನಿರಾಬಾದ್, ಶಿವಪುರ, ಅಗಳಕೇರಾ ಸುತ್ತಲಿನ ಬಂಧುಗಳೇ, ತಾಯಂದಿರೇ, ಕಾಲೇಜು ಕಲಿಯುವ ಮಕ್ಕಳೇ,

ನಮ್ಮ ದಾರಿಯಲ್ಲಿ ಹಂಪಿ ನೋಡಲು ಬರುವ ಕಾರು, ಬಸ್ಸುಗಳಲ್ಲಿ ಹೆಚ್ಚಿನವು ಹಿಟ್ನಾಳ ಟೋಲ್ ದಾಟಿ ನೇರ ಹೊಸಪೇಟೆ ಸೇರುತ್ತವೆ. ನಮ್ಮ ಸೀಮೆಯಲ್ಲಿ ಇಳಿದು ಒಂದು ಚಹಾ ಕುಡಿಯುವವರೂ ಕಡಿಮೆ. ಇಲ್ಲಿ ನೋಡುವಂಥದ್ದು ಏನೂ ಇಲ್ಲವೇ?

ಯಾಕಿಲ್ಲ? ಹೊಸಪೇಟೆಯ ಪಶ್ಚಿಮಕ್ಕೆ 33 ಗೇಟುಗಳ ತುಂಗಭದ್ರಾ ಡ್ಯಾಂ ಇದೆ. ಅದರ ಎಡದಂಡೆಗೆ ನಮ್ಮ ಮುನಿರಾಬಾದ್, ಅಲ್ಲಿ ಹಸಿರು ತುಂಬಿದ ಪಂಪಾವನ. ಅಲ್ಲಿಂದ ಹೊಳೆಗುಂಟ ಸ್ವಲ್ಪ ಮುಂದೆ ಬಂದರೆ ಹುಲಿಗೆಮ್ಮನ ಸನ್ನಿಧಿ. ವಿಜಯನಗರದ ಕಾಲದಿಂದ ಗದ್ದೆಗೆ ನೀರುಣಿಸುತ್ತಿರುವ ಹುಲಿಗಿ ಕಾಲುವೆ, ಶಿವಪುರ ಕಾಲುವೆಗಳೂ ಇದೇ ದಂಡೆಯಲ್ಲಿವೆ. ಇದರ ಜೊತೆಗೆ ಇನ್ನೊಂದು ಆಸ್ತಿ ಇದೆ. ಅದನ್ನು ನಮ್ಮಲ್ಲೇ ಬಹಳ ಮಂದಿ ಕಂಡಿಲ್ಲ.

ನಮ್ಮ ಹೊಳೆಯಲ್ಲಿ ನೀರುನಾಯಿ ಇವೆ!

ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆಯನ್ನು ಸರ್ಕಾರ 2015ರಲ್ಲಿ ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ನೀರುನಾಯಿಗೆಂದೇ ಮೀಸಲು ಘೋಷಿಸಿದ್ದು ರಾಜ್ಯದಲ್ಲಿ ಅದೇ ಮೊದಲು. ಇವು ಕುಟುಂಬ ಕಟ್ಟಿಕೊಂಡು ಬದುಕುವ ಪ್ರಾಣಿ. ಬಂಡೆಗಳ ಸಂದಿನಲ್ಲಿ, ದಂಡೆಯ ಪೊದೆಯಲ್ಲಿ ಮರಿ ಹಾಕುತ್ತವೆ, ಗುಂಪಾಗಿ ಮೀನು ಹಿಡಿಯುತ್ತವೆ. ನಸುಕಿನಲ್ಲಿ ಹೊಳೆಗೆ ಹೋದರೆ ಉಸುಕಿನ ಮೇಲೆ ಹೆಜ್ಜೆ ಗುರುತು ಸಿಕ್ಕೀತು. ಬಂಡೆಯ ಮೇಲೆ ಮೀನಿನ ಹುರುಪೆ, ಏಡಿಯ ಚಿಪ್ಪು ಬೆರೆತ ಹಿಕ್ಕೆ ಕಂಡರೆ ಅವು ಅಲ್ಲೇ ಎಲ್ಲೋ ಇವೆ ಎಂದೇ ಲೆಕ್ಕ. ಹೊಳೆಯಲ್ಲಿ ಮೀನು ಹುಲುಸಾಗಿದ್ದರೆ ಮಾತ್ರ ನೀರುನಾಯಿ ನಿಲ್ಲುತ್ತದೆ. ಹಾಗಾಗಿ ಅದರ ಬದುಕೂ ಮೀನುಗಾರರ ಬದುಕೂ ಬೇರೆಬೇರೆಯಲ್ಲ.

ಅದೇ ದಂಡೆಯ ಇನ್ನೊಂದು ಮುಖ ನೋಡ್ರಿ

ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಂತೆಂದರೆ ಹುಲಿಗಿಗೆ ಜನಸಾಗರ. ಮಿಂದು ಹೋದವರ ಹಿಂದೆ ಕಲ್ಲಿಗೆ ಸಿಕ್ಕಿಕೊಂಡ ಹಳೆಯ ಸೀರೆ, ಶಾಂಪೂ ಚೀಟಿ, ಸೋಪಿನ ಹಾಳೆ, ತೆಂಗಿನಕಾಯಿ ಕಟ್ಟಿ ತಂದ ಪ್ಲಾಸ್ಟಿಕ್ ಚೀಲ ಉಳಿಯುತ್ತವೆ. ಉಟ್ಟ ಬಟ್ಟೆ ಹೊಳೆಗೆ ಬಿಟ್ಟರೆ ಪೀಡೆ ಕಳೆಯುತ್ತದೆ ಎಂಬುದು ಕೆಲವರ ನಂಬಿಕೆ. ಪೀಡೆ ಕಳೆಯಿತೋ ಇಲ್ಲವೋ, ಬಟ್ಟೆಯಂತೂ ಕೆಳಗಿನ ಊರಿನವರ ಕಾಲುವೆ ತೂಬಿಗೆ ಸಿಕ್ಕಿ ಕೂರುತ್ತದೆ. ಅಮ್ಮನಿಗೆ ಹರಕೆ ತೀರಿಸಿ, ಅವಳ ಪಾದದ ಹೊಳೆಗೆ ಕಸ ಸುರಿಯುವುದು ಯಾವ ಭಕ್ತಿ?

ಸಿಡಿಮದ್ದು ಹಾಕಿ ಮೀನು ಹಿಡಿಯುವುದು ಇದಕ್ಕಿಂತ ಕೆಟ್ಟದ್ದು. ಒಂದು ಸಿಡಿತಕ್ಕೆ ದೊಡ್ಡ ಮೀನಿನ ಜೊತೆ ಮರಿ, ಮೊಟ್ಟೆ ಎಲ್ಲ ನಾಶ. ಬಲೆ ನಂಬಿದ ಬಡ ಮೀನುಗಾರನ ನಾಳೆಯ ಊಟಕ್ಕೂ ಅಲ್ಲೇ ಕಲ್ಲು. ಕಾನೂನೇ ಇದನ್ನು ಅಪರಾಧ ಎಂದಿದೆ.

ಕಾನೂನು ನಮ್ಮ ಕೈಯಲ್ಲೂ ಇದೆ

ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಬಿ ಕಲಮಿನ ಪ್ರಕಾರ ಇಂಥ ಮೀಸಲಿಗೆ ಒಂದು ನಿರ್ವಹಣಾ ಸಮಿತಿ ಇರಬೇಕು. ಮೀಸಲು ಯಾವ ಯಾವ ಗ್ರಾಮ ಪಂಚಾಯಿತಿಯ ಹದ್ದಿನಲ್ಲಿದೆಯೋ ಅಷ್ಟೂ ಪಂಚಾಯಿತಿಗಳಿಂದ ಒಬ್ಬೊಬ್ಬ ಪ್ರತಿನಿಧಿಗೆ ಅದರಲ್ಲಿ ಜಾಗ ಉಂಟು. ನಮ್ಮ ಪರವಾಗಿ ಅಲ್ಲಿ ಕೂತವರು ಯಾರು? ಕೊನೆಯ ಸಭೆ ಯಾವಾಗ ನಡೆಯಿತು? ಇದನ್ನು ಕೇಳುವ ಹಕ್ಕು ಪ್ರತಿಯೊಬ್ಬ ಮತದಾರನಿಗೂ ಇದೆ.

ಪ್ರವಾಸೋದ್ಯಮಕ್ಕೆ ಕೋಟಿಗಟ್ಟಲೆ ಯೋಜನೆ ಬರಲಿ, ಬೇಡ ಅನ್ನುವುದಿಲ್ಲ. ಆದರೆ ಅದು ಬರುವ ತನಕ ಕೈಕಟ್ಟಿ ಕೂರುವುದು ಬೇಡ. ದಂಡೆ ಸ್ವಚ್ಛವಿದ್ದು ಹೊಳೆ ಜೀವಂತವಿದ್ದರೆ ಜನ ಹುಡುಕಿಕೊಂಡು ಬರುತ್ತಾರೆ. ಆಟೋದವರಿಗೆ, ಖಾನಾವಳಿಯವರಿಗೆ, ಹೂವು-ಹಣ್ಣು ಮಾರುವ ಅಕ್ಕಂದಿರಿಗೆ ನಾಲ್ಕು ಕಾಸು ಹುಟ್ಟುತ್ತದೆ. ಹೊಳೆ ಕೆಟ್ಟ ಮೇಲೆ ಎಷ್ಟು ಕಮಾನು ಕಟ್ಟಿಸಿ, ಎಷ್ಟು ಬಣ್ಣದ ದೀಪ ಹಾಕಿಸಿ ಏನು ಫಲ?

ನಾವು ಮಾಡಬೇಕಾದ್ದು

1. ಹೊಳೆಗೆ ಬಟ್ಟೆ, ಪ್ಲಾಸ್ಟಿಕ್ ಬಿಡಬೇಡಿ. ಮನೆಗೆ ಬಂದ ಬೀಗರಿಗೂ ಹೇಳಿ.
2. ಸಿಡಿಮದ್ದಿನ ಸದ್ದು ಕೇಳಿದರೆ, ನೀರುನಾಯಿಗೆ ಉರುಲು ಹಾಕಿದ್ದು ಕಂಡರೆ ಅರಣ್ಯ ಸಹಾಯವಾಣಿ 1926ಕ್ಕೆ ಕೂಡಲೇ ಫೋನ್ ಮಾಡಿ.
3. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡು ಠರಾವು ಕೇಳಿ: ಸ್ನಾನಘಟ್ಟದಲ್ಲಿ ಬಟ್ಟೆ ಹಾಕಲು ತೊಟ್ಟಿ ಇಟ್ಟು ವಾರಕ್ಕೆರಡು ಸಲ ತೆರವು ಮಾಡಬೇಕು, ಮೀಸಲು ಸಮಿತಿಯ ಸಭೆಯ ವರದಿಯನ್ನು ಪಂಚಾಯಿತಿ ಬೋರ್ಡಿಗೆ ಹಚ್ಚಬೇಕು.
4. ನೀರುನಾಯಿ ನೋಡಲು ಹೋದರೆ ದೂರ ನಿಲ್ಲಿ. ಕಲ್ಲು ಎಸೆಯಬೇಡಿ, ಬೆನ್ನಟ್ಟಿ ರೀಲ್ಸ್ ಮಾಡಬೇಡಿ.

ಹೊಳೆ ಹುಲಿಗಿಯವರದು, ನಮಗೇನು ಎಂದು ಹಿಟ್ನಾಳದವರು ಸುಮ್ಮನಿರುವಂತಿಲ್ಲ. ಹೆದ್ದಾರಿಯ ಜನ ಬಂದು ಹೋಗುವುದು ನಮ್ಮೂರ ಮೇಲೆಯೇ.

ಬರುವ ಭಾನುವಾರ ಬೆಳಿಗ್ಗೆ 6.30ಕ್ಕೆ ಹಿಟ್ನಾಳ ಕ್ರಾಸಿನಲ್ಲಿ ಸೇರಿ ಹುಲಿಗಿ ದಂಡೆಗೆ ಹೋಗೋಣ. ಗೋಣಿಚೀಲ, ಕೈಗವಸು, ಕುಡಿಯುವ ನೀರು ತನ್ನಿ. ಪಕ್ಷದ ಶಾಲು, ಬಾವುಟ ಮನೆಯಲ್ಲೇ ಇರಲಿ. 10 ಗಂಟೆಗೆ ಕೆಲಸ ಮುಗಿಸಿ ಗ್ರಾಮಸಭೆಯ ಅರ್ಜಿಗೆ ಎಲ್ಲರೂ ಸಹಿ ಹಾಕೋಣ.

ಹೊಳೆ ನಮ್ಮದು, ಹೊಣೆಯೂ ನಮ್ಮದು!

— ಹಿಟ್ನಾಳ ಹಾಗೂ ಹೊಳೆದಂಡೆ ಊರುಗಳ ನಾಗರಿಕರು

(ಓದಿದ ಮೇಲೆ ಎಸೆಯಬೇಡಿ, ಪಕ್ಕದ ಮನೆಗೆ ಕೊಡಿ.)