ಮೂರಕ್ಷರದ ‘ಸೆಟ್’, ನಾನೂರು ಅರ್ಥ

ಏಳನೇ ತರಗತಿಯಲ್ಲಿ ಓದುವ ಅಣ್ಣನ ಮಗಳು ಮೊನ್ನೆ ಇಂಗ್ಲಿಷ್ ನೋಟ್‌ಬುಕ್ ಹಿಡಿದು ಬಂದಳು. ಪುಟದ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ. ‘ಸೆಟ್’ ಎಂಬುದರ ಎದುರು ‘ಜೋಡಿಸು’ ಎಂದು ಮುದ್ದಾಗಿ ಬರೆದುಕೊಂಡಿದ್ದಳು. ಅದರ ಕೆಳಗೇ ಪಾಠದ ಒಂದು ವಾಕ್ಯ, ‘ದಿ ಸನ್ ಸೆಟ್ ಬಿಹೈಂಡ್ ದಿ ಹಿಲ್ಸ್’. ಅದಕ್ಕೆ ಅವಳು ಬರೆದ ಕನ್ನಡ, ‘ಸೂರ್ಯನು ಬೆಟ್ಟಗಳ ಹಿಂದೆ ಜೋಡಿಸಿದನು’. ಕೆಂಪು ಶಾಯಿಯ ಗೀಟು ಬಿದ್ದಿತ್ತು. “ಚಿಕ್ಕಪ್ಪ, ಅರ್ಥ ಸರಿಯಾಗೇ ಬಾಯಿಪಾಠ ಮಾಡಿದ್ದೆ, ಮತ್ಯಾಕೆ ತಪ್ಪು?” ಎಂದಳು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ತಪ್ಪು ಮಗುವಿನದಲ್ಲ. ಒಂದು ಪದಕ್ಕೆ ಒಂದು ಅರ್ಥ ಎಂದು ಪಟ್ಟಿ ಬರೆಸುವ ನಮ್ಮ ಕ್ರಮದ್ದು.

ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿ ಬಂದದ್ದು 1989ರಲ್ಲಿ. ಅದರಲ್ಲಿ ಎಲ್ಲಕ್ಕಿಂತ ಉದ್ದನೆಯ ನಮೂದು ಇದೇ ‘ಸೆಟ್’. ಕ್ರಿಯಾಪದವಾಗಿ ಅದಕ್ಕೆ ಸುಮಾರು 430 ಅರ್ಥ, ಅವನ್ನು ವಿವರಿಸಲು ಸುಮಾರು 60,000 ಪದ. ಒಂದು ಕಾದಂಬರಿಯಷ್ಟಾಯಿತು! ನಿಘಂಟನ್ನು ಪರಿಷ್ಕರಿಸುತ್ತಾ ಹೋದಂತೆ ಈ ದಾಖಲೆಯನ್ನು ಮೊದಲು ‘ಮೇಕ್’, ಆಮೇಲೆ ‘ಪುಟ್’, 2011ರಲ್ಲಿ 645 ಅರ್ಥಗಳೊಂದಿಗೆ ‘ರನ್’ ಮುರಿದವು. ಗಮನಿಸಿ, ಇವೆಲ್ಲ ಪುಟ್ಟ ಮಕ್ಕಳ ಪಾಠದ ಪದಗಳು. ದಿನವಿಡೀ ದುಡಿಯುವ ಪದಕ್ಕೇ ಅರ್ಥ ಹೆಚ್ಚು.

ಹಾಗಾದರೆ 430 ಅರ್ಥ ಉರು ಹೊಡೆಯಬೇಕೆ? ಇಂಗ್ಲಿಷರೂ ಹೊಡೆಯುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಸಿಟ್ಟನ್’ ಎಂದರೆ ಕೂರು, ‘ಸೆಟ್ಟನ್’ ಎಂದರೆ ಕೂರಿಸು. ಈ ಕೂರಿಸುವುದೇ ಇಂದಿನ ‘ಸೆಟ್’ ಕ್ರಿಯಾಪದ. ಕೀಲಿ ಇರುವುದು ಇಲ್ಲೇ, ಮತ್ತು ಕನ್ನಡಿಗರಾದ ನಮ್ಮ ಕೈಯಲ್ಲಿ ಅದು ಆಗಲೇ ಇದೆ. ನಾವು ಉಂಗುರಕ್ಕೆ ಹರಳು ಕೂರಿಸುತ್ತೇವೆ, ಮುರಿದ ಮೂಳೆ ಕೂರಿಸುತ್ತೇವೆ, ಗೋಡೆಗೆ ಕಿಟಕಿ ಕೂರಿಸುತ್ತೇವೆ. ಭಾದ್ರಪದದಲ್ಲಿ ಗಣಪತಿ ಕೂರಿಸುತ್ತೇವೆ. ಹರಳಿಗೂ ಮೂಳೆಗೂ ಇಂಗ್ಲಿಷ್ ಬಳಸುವುದು ‘ಸೆಟ್’ ಪದವನ್ನೇ. ಇರಬೇಕಾದ ಜಾಗದಲ್ಲಿ ಅಲುಗದಂತೆ ಇಡು ಎಂಬ ಭಾವ ಎರಡೂ ಭಾಷೆಯಲ್ಲಿ ಒಂದೇ. ಗಡಿಯಾರದ ಮುಳ್ಳನ್ನು ಸರಿಯಾದ ಗಂಟೆಗೆ ತಂದು ಕೂರಿಸಿದರೆ ಅಲಾರಂ ಸೆಟ್.

ಇನ್ನು ಸೂರ್ಯ. ಹಳೆಯ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕೆ ‘ಸೆಟ್ಲ್‌ಗಾಂಗ್’ ಎಂಬ ಮಾತಿತ್ತು, ಆಸನಕ್ಕೆ ಹೋಗುವುದು ಎಂದು ಅದರ ಅರ್ಥ. ದಿನವೆಲ್ಲ ನಡೆದ ಸೂರ್ಯ ಸಂಜೆ ತನ್ನ ಪೀಠಕ್ಕೆ ಮರಳುತ್ತಾನೆ. ನಾವು ಹೊತ್ತು ಮುಳುಗಿತು ಎನ್ನುತ್ತೇವೆ, ಅವರು ಹೊತ್ತು ಕೂತಿತು ಎಂದರು, ಅಷ್ಟೇ. ಇದನ್ನು ಹೇಳಿದಾಗ ಹುಡುಗಿಯ ಕಣ್ಣರಳಿತು.

ಕೂತದ್ದು ಬೇಗ ಕದಲುವುದಿಲ್ಲ. ಗಟ್ಟಿಯಾಗುವುದು ಎಂಬ ಅರ್ಥ ಹುಟ್ಟಿದ್ದು ಅಲ್ಲಿಂದ. “ಬೇಗ ಹಾಕ್ರೋ, ಸಿಮೆಂಟ್ ಸೆಟ್ ಆಗ್ಬಿಡತ್ತೆ” ಎಂದು ಮೇಸ್ತ್ರಿ ಕೂಗುವುದು ಈ ಅರ್ಥದಲ್ಲೇ. ನಮ್ಮ ದೇಶದ ಮಾನದಂಡದ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ ಕಲಸಿದ 30 ನಿಮಿಷದೊಳಗೆ ಸೆಟ್ ಆಗಲು ಶುರುವಾಗಬಾರದು, 600 ನಿಮಿಷದೊಳಗೆ ಪೂರ್ತಿ ಸೆಟ್ ಆಗಿರಬೇಕು. ಆದರೆ ಸೆಟ್ ಆಯಿತೆಂದರೆ ಬಲ ಬಂತೆಂದಲ್ಲ. ಕಾಂಕ್ರೀಟಿನ ಬಲ ಅಳೆಯುವುದು 28 ದಿನಕ್ಕೆ. ಪದವನ್ನು ಅರ್ಧ ತಿಳಿದು ನೀರುಣಿಸುವುದನ್ನು ನಿಲ್ಲಿಸಿದವರ ಮನೆಯ ತಾರಸಿ ಬಿರುಕು ಬಿಟ್ಟದ್ದನ್ನು ನೋಡಿದ್ದೇನೆ.

ಗುಂಪು ಎಂಬ ಅರ್ಥದ ‘ಸೆಟ್’ ಮಾತ್ರ ಬೇರೆ ಮನೆತನದ್ದು. ಲ್ಯಾಟಿನ್ನಿನ ‘ಸೆಕ್ಟಾ’, ಅಂದರೆ ಹಿಂಬಾಲಿಸುವವರ ಕೂಟ, ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದು ಹೆಚ್ಚುಕಡಿಮೆ ಇದೇ ರೂಪ ತಾಳಿತು. ಪಂಥ ಎಂಬರ್ಥದ ‘ಸೆಕ್ಟ್’ ಅದರ ಒಡಹುಟ್ಟು. ಆಮೇಲೆ ಎರಡೂ ಸೆಟ್‌ಗಳು ಒಂದರ ಬಣ್ಣ ಇನ್ನೊಂದಕ್ಕೆ ಹಚ್ಚಿಕೊಂಡವು. ಗಣಿತದ ‘ಗಣ’, ಕಪ್ಪು-ಸಾಸರಿನ ಸೆಟ್ಟು, ಹೋಟೆಲಿನಲ್ಲಿ ಸಾಮಾನ್ಯವಾಗಿ ಮೂರು ಒಟ್ಟಿಗೆ ಬರುವ ಸೆಟ್ ದೋಸೆ ಎಲ್ಲ ಈ ಸಾಲಿನವು. ‘ಅವರಿಬ್ಬರಿಗೂ ಸೆಟ್ ಆಗಲ್ಲ’ ಎನ್ನುತ್ತೇವಲ್ಲ, ಹೊಂದಿಕೆಯ ಆ ಅರ್ಥ ನಾವೇ ಬೆಳೆಸಿಕೊಂಡದ್ದು. ಅದನ್ನು ಹಾಗೇ ಇಂಗ್ಲಿಷಿಗೆ ಒಯ್ದರೆ ಯಾರಿಗೂ ತಿಳಿಯದು.

ಅರ್ಥ ತಪ್ಪಿದರೆ ನಿಜವಾದ ನಷ್ಟವಾಗುವುದು ನ್ಯಾಯಾಲಯದ ಕಾಗದದಲ್ಲಿ. ಮಗಳ ಫೀಸಿಗೆಂದು ಹಣ ‘ಸೆಟ್ ಅಸೈಡ್’ ಮಾಡಿದೆ ಎಂದರೆ ತೆಗೆದಿಟ್ಟೆ ಎಂದು. ಕೆಳ ನ್ಯಾಯಾಲಯದ ಆದೇಶವನ್ನು ಹೈಕೋರ್ಟ್ ‘ಸೆಟ್ ಅಸೈಡ್’ ಮಾಡಿದೆ ಎಂದರೆ ರದ್ದುಪಡಿಸಿದೆ ಎಂದು. ಜಮೀನಿನ ತಗಾದೆಯಲ್ಲಿ ಸಿಲುಕಿದ್ದ ಪರಿಚಯದ ರೈತರೊಬ್ಬರು ಇದನ್ನು ‘ತೀರ್ಪು ಕಾಯ್ದಿರಿಸಿದ್ದಾರೆ’ ಎಂದೇ ತಿಳಿದು ತಿಂಗಳುಗಟ್ಟಲೆ ಸುಮ್ಮನೆ ಕಾದರು. ‘ಸೆಟ್ ಆಫ್’ ಕೂಡ ಹೀಗೆಯೇ. ಪ್ರಯಾಣದಲ್ಲಿ ಅದು ಹೊರಡುವುದು, ಪಟಾಕಿಗಾದರೆ ಹಚ್ಚುವುದು, ಆದಾಯ ತೆರಿಗೆಯಲ್ಲಿ ನಷ್ಟವನ್ನು ಆದಾಯದಿಂದ ಕಳೆಯುವುದು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 428ನೇ ಕಲಮಿನಲ್ಲಿ, ವಿಚಾರಣೆ ಮುಗಿಯುವ ಮುನ್ನ ಜೈಲಿನಲ್ಲಿ ಕಳೆದ ದಿನಗಳನ್ನು ಶಿಕ್ಷೆಯ ಅವಧಿಯಿಂದ ವಜಾ ಮಾಡುವುದು. ಪದ ಗೊತ್ತಿದೆ ಎಂಬ ಧೈರ್ಯದಲ್ಲಿ ಇಂಥ ಕಾಗದಕ್ಕೆ ಸಹಿ ಹಾಕಬೇಡಿ. ‘ಇಲ್ಲಿ ಇದರ ಅರ್ಥವೇನು’ ಎಂದು ವಕೀಲರನ್ನೋ ಆಡಿಟರನ್ನೋ ಕೇಳಿ, ಕೇಳುವುದರಲ್ಲಿ ನಾಚಿಕೆಯಿಲ್ಲ.

ಶಿಕ್ಷಕರಲ್ಲಿ, ಮನೆಯಲ್ಲಿ ಪಾಠ ಹೇಳಿಕೊಡುವ ಅಪ್ಪ-ಅಮ್ಮಂದಿರಲ್ಲಿ ನನ್ನದೊಂದು ಕೋರಿಕೆ. ಮಗು ಬಂದು ಯಾವುದಾದರೂ ಇಂಗ್ಲಿಷ್ ಪದಕ್ಕೆ ಅರ್ಥ ಕೇಳಿದರೆ ತಟ್ಟನೆ ಹೇಳಬೇಡಿ. “ಎಲ್ಲಿ ಬಂದಿದೆ, ಆ ಸಾಲು ಓದು ನೋಡೋಣ” ಎನ್ನಿ. ನೋಟ್‌ಬುಕ್ಕಿನ ಬಲಗಡೆ ಒಂದು ಅರ್ಥ ಬರೆಸುವ ಬದಲು ಆ ಪದವಿರುವ ಮೂರು ವಾಕ್ಯ ಬರೆಸಿ.